ಅಂಗಳದ ಉಗಿಬಂಡಿ ಓಡಿತು, ನಿಮಗೆಲ್ಲ ನಮಸ್ಕಾರ

ಕಳೆದ ಭಾನುವಾರ ಸಂಜೆ 4 ಗಂಟೆ 20 ನಿಮಿಷಕ್ಕೆ ನಮ್ಮ ಅಂಗಳದಿಂದ ರೈಲು ಹೊರಟಿತು. ಉಗಿಯ ರೈಲು. ಬ್ಯಾಟರಿ ಇಲ್ಲ, ಕರೆಂಟ್ ಇಲ್ಲ. ಒಂದು ಗೇಣು ಉದ್ದದ ಇಂಜಿನ್ನು, ಹೊಟ್ಟೆಯಲ್ಲಿ ನೀರು, ನೀರಿನ ನಡುವೆ ಬೆಂಕಿ. ಎರಡು ಡಬ್ಬಿ ಎಳೆದುಕೊಂಡು ತುಳಸಿಕಟ್ಟೆಯ ಸುತ್ತ 23 ಸುತ್ತು ಹಾಕಿ, ಗ್ಯಾಸ್ ಮುಗಿದ ಮೇಲೆ ತಾನೇ ನಿಂತಿತು. ಸಾಗರಕ್ಕೂ ತಾಳಗುಪ್ಪಕ್ಕೂ ನಡುವೆ ಇರುವ ನಮ್ಮೂರಿಗೆ ರೈಲಿನ ಸದ್ದು ಹೊಸದೇನಲ್ಲ. ಆದರೂ ಅವತ್ತು ಪಕ್ಕದ ಮನೆಯವರು ಬೇಲಿ ಹತ್ತಿರ ಬಂದು ನಿಂತಿದ್ದರು.

ಇದಕ್ಕೆ ಕಾರಣರಾದವರು ಬಹಳ ಜನ. ಒಬ್ಬೊಬ್ಬರ ಮನೆಗೂ ಹೋಗಿ ಹೇಳುವಷ್ಟು ಕಾಲು ಇನ್ನೂ ಸರಿಯಾಗಿಲ್ಲ. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ.

ಹೋದ ವರ್ಷ ಪುನರ್ವಸು ಮಳೆಯಲ್ಲಿ ನಾನು ಇದೇ ಅಂಗಳದಲ್ಲಿ ಜಾರಿ ಬಿದ್ದೆ. ಮಳೆಗಾಲಕ್ಕೆ ಮುಂಚೆ ಅಂಗಳಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಕುವುದು ನಮ್ಮ ಕಡೆ ರೂಢಿ, ಹಾವಸೆ ಮೇಲೆ ಕಾಲು ಜಾರಬಾರದು ಅಂತ. ದಬ್ಬೆ ಹಾಕಿಸಿ ಅಂತ ನನ್ನ ಹೆಂಡತಿ ವಾರದಿಂದ ಹೇಳುತ್ತಿದ್ದಳು. ನಾನು ನಾಳೆ ಅಂದೆ. ನಾಳೆ ಬರುವಷ್ಟರಲ್ಲಿ ತೊಡೆಯ ಮೂಳೆ ಮುರಿದು ಶಿವಮೊಗ್ಗದಲ್ಲಿ ಮಲಗಿದ್ದೆ. ಒಳಗೆ ರಾಡು ಹಾಕಿದರು. ಮೂರು ತಿಂಗಳು ಹಾಸಿಗೆ, ಆಮೇಲೆ ವಾಕರ್. ಅವತ್ತು ಜೀಪಿನ ಹಿಂದೆ ಮಂಚದ ಸಮೇತ ನನ್ನನ್ನು ಹೊತ್ತು ಹಾಕಿದ ನಾಲ್ಕು ಹುಡುಗರಿಗೆ, ಆಪರೇಷನ್ ಮಾಡಿದ ಡಾಕ್ಟರಿಗೆ, ರಾತ್ರಿ ಪಾಳಿಯ ಸಿಸ್ಟರಿಗೆ ಮೊದಲ ನಮಸ್ಕಾರ. ಆ ಕಥೆ ಇಷ್ಟು ಸಾಕು.

ಹಾಸಿಗೆ ಹಿಡಿದವನಿಗೆ ಮೊಬೈಲೇ ಗತಿ. ನಾನು ಇಡೀ ದಿನ ಉಗಿ ಇಂಜಿನ್ನಿನ ವೀಡಿಯೊ ನೋಡುತ್ತಿದ್ದೆ. ಯಾರೋ ಇಂಗ್ಲೆಂಡಿನ ಮುದುಕರು, ತಮ್ಮ ಹಿತ್ತಲಲ್ಲಿ, ಟೋಪಿ ಹಾಕಿಕೊಂಡು, ಪುಟ್ಟ ಇಂಜಿನ್ನಿಗೆ ಬೆಂಕಿ ಹಚ್ಚುತ್ತಿದ್ದರು. ಒಂದು ದಿನ ಇವಳು ಗಂಜಿ ತಟ್ಟೆ ಇಟ್ಟು ಹೇಳಿದಳು, "ಬೇರೆಯವರ ರೈಲು ಎಷ್ಟು ದಿನ ನೋಡ್ತೀರಿ? ಒಂದು ತರಿಸಿಕೊಳ್ಳಿ. ಹೇಗೂ ಈ ವರ್ಷ ಅಡಿಕೆಗೆ ರೇಟಿದೆ." ಇಷ್ಟು ವರ್ಷದಲ್ಲಿ ಈಕೆಯ ಬಾಯಿಂದ ನಾನು ಕೇಳಿದ ಅತ್ಯಂತ ಸಿಹಿ ಮಾತು ಇದು ಅಂತ ಬರೆದರೆ ಬೈಸಿಕೊಳ್ಳಬೇಕಾಗುತ್ತದೆ. ಆದರೂ ಬರೆದಿದ್ದೇನೆ.

ಯಾವ ಅಳತೆಯ ಇಂಜಿನ್ನು ಅನ್ನುವುದೇ ದೊಡ್ಡ ತಲೆನೋವಾಯಿತು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅದು ತಾಳಗುಪ್ಪ ಮುಟ್ಟಲು 1940 ಆಗಬೇಕಾಯಿತು. ನಾವು ಹುಡುಗರಾಗಿದ್ದಾಗ ಓಡುತ್ತಿದ್ದದ್ದೆಲ್ಲ ಮೀಟರ್ ಗೇಜು, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಕೊನೆಕೊನೆಗೆ ಅದರ ಮೇಲೆ ಒಂದು ರೈಲ್ ಬಸ್ಸು ಓಡಾಡಿಕೊಂಡಿತ್ತು. 2011ರಲ್ಲಿ ಬ್ರಾಡ್ ಗೇಜ್ ಆಯಿತು. ಊರಿನ ಅಭಿಮಾನಕ್ಕಾದರೆ ಮೀಟರ್ ಗೇಜ್ ಇಂಜಿನ್ನೇ ಬೇಕು. ಮಾದರಿಯಲ್ಲಿ ಅದಕ್ಕೆ 45 ಮಿಲಿಮೀಟರ್ ಹಳಿ, 22.5ಕ್ಕೆ ಒಂದರ ಅಳತೆ, ಅಂದರೆ ನಿಜವಾದ ರೈಲಿನ 22.5ರಲ್ಲಿ ಒಂದು ಪಾಲು. ರೇಟು ಕೇಳಿ ಸುಮ್ಮನಾದೆ. ಆಗ ನೆನಪಾದದ್ದು ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಇದ್ದ ಎರಡಡಿ ಗೇಜಿನ ರೈಲು. ಅದೂ ಮಲೆನಾಡಿನದೇ ಅಲ್ವಾ! ಎರಡಡಿ ಅಂದರೆ 610 ಮಿಲಿಮೀಟರ್. 19ಕ್ಕೆ ಒಂದರ ಅಳತೆ ಹಿಡಿದು 19ರಿಂದ ಭಾಗಿಸಿ, 32 ಬರುತ್ತದೆ. 32 ಮಿಲಿಮೀಟರ್ ಹಳಿಯ ಇಂಜಿನ್ನು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತಿತ್ತು. ಲೆಕ್ಕದ ಮೇಷ್ಟ್ರಾಗಿದ್ದಕ್ಕೆ ಸಿಕ್ಕ ಒಂದೇ ಲಾಭ ಇದು.

ಅದನ್ನು ಇಂಗ್ಲೆಂಡಿನಿಂದ ಹೊತ್ತು ತಂದವನು ನನ್ನ ಅಕ್ಕನ ಮಗ. ಸಾಕ್ಸು, ಸ್ವೆಟರು ಸುತ್ತಿ ಸೂಟ್‌ಕೇಸಿನಲ್ಲಿಟ್ಟಿದ್ದ. ಎಕ್ಸ್‌ರೇಯಲ್ಲಿ ತಾಮ್ರದ ಬಾಯ್ಲರು, ಕೊಳವೆ, ಮೀಟರು ಕಂಡರೆ ಯಾರು ಸುಮ್ಮನೆ ಬಿಡುತ್ತಾರೆ? ಅರ್ಧ ಗಂಟೆ ನಿಲ್ಲಿಸಿ ಪಾಠ ಹೇಳಿಸಿಕೊಂಡು ಕಳಿಸಿದರಂತೆ. ಮಾವನಿಗೋಸ್ಕರ ಇಷ್ಟು ಮಾಡಿದ್ದೀಯಲ್ಲೋ, ನಿನ್ನ ಮದುವೆಗೆ ಕಾಲು ನೋವಿದ್ದರೂ ಬರುತ್ತೇನೆ.

ದಸರಾ ಹೊತ್ತಿಗೆ ಇಂಜಿನ್ನು ಮನೆಗೆ ಬಂತು. ಹಸಿರು ಬಣ್ಣ, ನಾಲ್ಕೇ ಚಕ್ರ, ಬಾಯ್ಲರ್ ಮೇಲೆ ಕುದುರೆ ಜೀನಿನ ಹಾಗೆ ಕೂತ ನೀರಿನ ತೊಟ್ಟಿ. ತೊಟ್ಟಿ ಬರೀ ನೋಟಕ್ಕೆ, ನೀರೆಲ್ಲ ಬಾಯ್ಲರ್‌ನಲ್ಲೇ. ಎರಡು ದಿನ ಮೇಜಿನ ಮೇಲಿಟ್ಟು ಸುಮ್ನೆ ನೋಡಿದೆ. ಕೈಯಿಂದ ತಳ್ಳಿದರೆ ಪಕ್ಕದ ರಾಡುಗಳು ಮೇಲೆ ಕೆಳಗೆ ಆಡುವುದನ್ನು ನೋಡುತ್ತಾ ಕಾಫಿ ಆರಿಸಿಕೊಂಡೆ.

ಓಡಿಸಲು ಹಳಿ ಬೇಕು. ನನಗೆ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಹಾಗಾಗಿ ಹಳಿ ಕುರ್ಚಿಯಲ್ಲಿ ಕೂತವನ ಕೈಗೆ ಸಿಗುವ ಎತ್ತರದಲ್ಲಿರಬೇಕು. ತೋಟದ ಕೆಲಸಕ್ಕೆ ಬರುವ ಅಣ್ಣ ಮುರಿದು ಬಿದ್ದ ಅಡಿಕೆ ಮರಗಳನ್ನು ಸೀಳಿ ದಬ್ಬೆ ಮಾಡಿ, ಗೂಟ ನೆಟ್ಟು, ಮೇಲೆ ಜೋಡಿಸಿದರು. "ಮೇಷ್ಟ್ರೇ, ಇದು ಇರುವೆ ದಾಟೋ ಕಾಲುಸಂಕವಾ?" ಅಂತ ನಗುತ್ತಿದ್ದರು. ಆದರೆ ಮಟ್ಟ ನೋಡುವಾಗ ಅವರಿಗಿಂತ ಬಿಗಿ ಯಾರೂ ಇಲ್ಲ. ಗಾರೆಯವರ ಹಾಗೆ ಟ್ಯೂಬಿನಲ್ಲಿ ನೀರು ತುಂಬಿಸಿ ಗೂಟದಿಂದ ಗೂಟಕ್ಕೆ ಹಿಡಿದರು. ಒಂದು ಬೆರಳು ಏರಿದ್ದರೂ ಇಂಜಿನ್ನು ಏದುಸಿರು ಬಿಡುತ್ತದೆ. ತುಳಸಿಗೆ ನೀರು ಹಾಕಲು ಹೋಗಬೇಕಲ್ಲ, ಅದಕ್ಕೆ ಒಂದು ಕಡೆ ಉಣುಗೋಲಿನ ಹಾಗೆ ತೆಗೆದು ಹಾಕುವ ತುಂಡು ಮಾಡಿಕೊಟ್ಟರು. ಒಟ್ಟು ಸುತ್ತು 18 ಮೀಟರ್. ಹೋದ ವರ್ಷ ನೆಲಕ್ಕೆ ಬೀಳದ ದಬ್ಬೆ ಈ ವರ್ಷ ಗಾಳಿಯಲ್ಲಿ ನಿಂತಿದೆ ಅಂತ ಇವಳು ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ.

ಈಗ ಸಾಹೇಬರ ವಿಷಯ. ಶಿವಮೊಗ್ಗದಲ್ಲಿ ಫಿಸಿಯೋಥೆರಪಿಗೆ ಹೋಗುತ್ತಿದ್ದಾಗ ಬೆಂಚಿನ ಮೇಲೆ ಪರಿಚಯ. ಮಂಡಿ ನೋವಿಗೆ ಬರುತ್ತಿದ್ದರು. ವಯಸ್ಸು ಎಂಬತ್ತು ದಾಟಿದೆ. ಮೀಟರ್ ಗೇಜ್ ಕಾಲದಲ್ಲಿ ಫೈರ್‌ಮನ್, ಪ್ಯಾಸೆಂಜರ್ ರೈಲಿನ ವೈಪಿ ಮತ್ತು ಗೂಡ್ಸ್ ರೈಲಿನ ವೈಜಿ ಇಂಜಿನ್ನುಗಳಿಗೆ ಕಲ್ಲಿದ್ದಲು ಎತ್ತಿ ಹಾಕಿದವರು. ಅವರ ಮಂಡಿ ಯಾಕೆ ಹೋಗಿದೆ ಅಂತ ಬೇರೆ ಕೇಳಬೇಕಿಲ್ಲ. ನನ್ನ ಇಂಜಿನ್ನಿನ ಫೋಟೊ ತೋರಿಸಿದೆ. ಬೇರೆಯವರ ಹಾಗೆ ಎಷ್ಟು ಕೊಟ್ಟಿರಿ ಅಂತ ಕೇಳಲಿಲ್ಲ. "ನೀರು ಯಾವುದು ಹಾಕ್ತೀರಿ?" ಅಂದರು.

ಬ್ಯಾಟರಿ ನೀರು ಅಂದೆ. ಬೇಡ ಅಂದರು. ಆಮೇಲೆ ಇಂಜಿನ್ನಿನ ಜೊತೆ ಬಂದ ಪುಸ್ತಕ ತೆಗೆದು ನೋಡಿದರೆ ಅಲ್ಲೂ ಅದೇ ಇತ್ತು. ಬ್ಯಾಟರಿ ನೀರಿನಂಥ ಅಯಾನು ತೆಗೆದ ನೀರು ಹಿತ್ತಾಳೆಯನ್ನು ತಿನ್ನುತ್ತದೆ, ಸುಣ್ಣ ಜಾಸ್ತಿ ಇರುವ ನೀರು ಬಾಯ್ಲರಿನಲ್ಲಿ ಕಿಟ್ಟ ಕಟ್ಟುತ್ತದೆ, ಮಳೆ ನೀರಾದರೆ ಚಿಂತೆಯಿಲ್ಲ. ಮಲೆನಾಡಿನಲ್ಲಿ ಕೂತು ಮಳೆ ನೀರಿಗೆ ಯಾರನ್ನು ಕೇಳಬೇಕು! ಚಿತ್ತೆ ಮಳೆಯಲ್ಲಿ ಸೂರಿನ ನೀರು ಬಿಟ್ಟು, ಬಯಲಲ್ಲಿ ಪಾತ್ರೆ ಇಟ್ಟು ಹಿಡಿದೆವು. ಪಂಚೆಯಲ್ಲಿ ಸೋಸಿ ಬಾಟಲಿಗೆ ತುಂಬಿಸಿದೆವು.

ಮೊದಲ ಸಲ ಬೆಂಕಿ ಹಚ್ಚಿದಾಗ ಸೋತೆ. ಇದಕ್ಕೆ ಬೇಕಾದದ್ದು ಸಿಗರೇಟು ಲೈಟರಿಗೆ ತುಂಬಿಸುವ ಬ್ಯೂಟೇನ್ ಗ್ಯಾಸ್. ತುಂಬಿಸಿ ಹಚ್ಚಿದರೆ ಉರಿ ನೀಲಿಯಾಗದೆ ಹಳದಿಯಾಗಿ ತೂರಾಡಿತು. ಉಗಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಹತ್ತರ ಮೇಲೆ ಏಳಲಿಲ್ಲ. ಬಹಳ ದಿನ ಸುಮ್ಮನೆ ಇದ್ದ ಇಂಜಿನ್ನು, ಜೆಟ್ಟಿನಲ್ಲಿ, ಅಂದರೆ ಗ್ಯಾಸ್ ಹೊರಬರುವ ಸಣ್ಣ ತೂತಿನಲ್ಲಿ, ಕಸ ಕೂತಿತ್ತು. ಸಾಗರದಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವ ಹುಡುಗನ ಹತ್ತಿರ ಹೋದೆ. ನಾನು ಸೂಜಿ ಹಾಕು ಅಂದೆ. ಅವನು, "ಸೂಜಿ ಹಾಕಿದ್ರೆ ತೂತು ದೊಡ್ಡದಾಗುತ್ತೆ ಸರ್" ಅಂತ ಹೇಳಿ, ಥಿನ್ನರಿನಲ್ಲಿ ಅದ್ದಿ, ಕಂಪ್ರೆಸರ್ ಗಾಳಿಯನ್ನು ಹಿಂದಿನಿಂದ ಊದಿದ. ಜೆಟ್ಟನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಕಾಸು ಮುಟ್ಟಲಿಲ್ಲ. ತಮ್ಮಾ, ನಿನ್ನ ಅಂಗಡಿಗೆ ಊರಿನ ಎಲ್ಲ ಒಲೆಗಳೂ ಬರಲಿ.

ಭಾನುವಾರ ಸಾಹೇಬರು ಮಗನ ಕಾರಿನಲ್ಲಿ ಬಂದರು. ಕುರ್ಚಿ ಎಳೆದು ಹಳಿ ಪಕ್ಕ ಕೂತರು. ಸಿರಿಂಜಿನಲ್ಲಿ ನೀರು ತುಂಬಿಸುವಾಗ ನನ್ನ ಕೈ ನೋಡುತ್ತಲೇ ಇದ್ದರು. ದೊಡ್ಡ ಇಂಜಿನ್ನಿನಲ್ಲಿ ನೀರು ಕಡಿಮೆಯಾದರೆ ಬೆಂಕಿ ಉರಿಯುವ ಗೂಡಿನ ನೆತ್ತಿಯಲ್ಲಿದ್ದ ಸೀಸದ ಪ್ಲಗ್ಗು ಕರಗಿ, ಉಗಿ ನುಗ್ಗಿ ಬೆಂಕಿ ಮೇಲೆ ಬೀಳುತ್ತಿತ್ತಂತೆ. "ಲೆಡ್ ಪ್ಲಗ್ ಹೋಯ್ತು ಅಂದ್ರೆ ಫೈರ್‌ಮನ್ ಕಥೆ ಮುಗೀತು ಮೇಷ್ಟ್ರೇ." ಈ ಪುಟಾಣಿಗೆ ಆ ಪ್ಲಗ್ಗಿಲ್ಲ. ಬಾಯ್ಲರ್ ತುಂಬಾ ನೀರಿದ್ದರೆ ಗ್ಯಾಸೇ ಮೊದಲು ಮುಗಿಯುವ ಹಾಗೆ ಅಳತೆ ಇಟ್ಟಿದ್ದಾರೆ. ಅದನ್ನು ಹೇಳಿದಾಗ ತಲೆ ಆಡಿಸಿದರು, ನಂಬಿದ ಹಾಗೆ ಕಾಣಲಿಲ್ಲ.

ಆಮೇಲೆ ಎಣ್ಣೆ. ಸ್ಟೀಮ್ ಆಯಿಲ್ ಜೋನಿ ಬೆಲ್ಲದ ಹಾಗೆ ಮಂದ. ಅದು ಕೂರುವ ಡಬ್ಬಿಗೆ ಸ್ವಲ್ಪ ಸ್ವಲ್ಪವೇ ಉಗಿ ನುಗ್ಗಿ ನೀರಾಗುತ್ತದೆ. ನೀರು ತಳಕ್ಕೆ ಹೋಗಿ ಎಣ್ಣೆಯನ್ನು ಮೇಲೆ ಎತ್ತುತ್ತದೆ. ಎಣ್ಣೆ ಉಗಿಯ ಜೊತೆ ಸಿಲಿಂಡರಿಗೆ ಹೋಗುತ್ತದೆ. ಪಂಪು ಇಲ್ಲ, ಏನಿಲ್ಲ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಗ್ಯಾಸಿನ ತಿರುಪು ಸ್ವಲ್ಪ ಸಡಿಲ ಮಾಡಿ ಚಿಮಣಿಯ ಬಾಯಿಗೆ ಲೈಟರ್ ಹಿಡಿದೆ. ಪಟ್ ಅಂತ ಉರಿ ಒಳಗೆ ಹಾರಿ ಬಾಯ್ಲರಿನ ಕೊಳವೆಯಲ್ಲಿ ಕೂತಿತು. ಸಣ್ಣಗೆ ಗುಂಯ್ ಅನ್ನುವ ಸದ್ದು. ಐದಾರು ನಿಮಿಷ ಯಾರೂ ಮಾತಾಡಲಿಲ್ಲ. ಮುಳ್ಳು ಹತ್ತು, ಇಪ್ಪತ್ತು, ನಲವತ್ತು. ಸೇಫ್ಟಿ ವಾಲ್ವ್ ಚುಸ್ ಅಂದಿತು. ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ತಿರುಗಿಸಿದೆ. ಇಂಜಿನ್ನು ಹೊರಡಲಿಲ್ಲ, ಚಿಮಣಿಯಿಂದ ಬಿಸಿನೀರು, ಎಣ್ಣೆ ಎರಡನ್ನೂ ನನ್ನ ಬನಿಯನ್ ಮೇಲೆ ಉಗುಳಿತು. "ಸಿಲಿಂಡರು ತಣ್ಣಗಿದೆ, ಒಂದು ಸಲ ತಳ್ಳಿ" ಅಂದರು ಸಾಹೇಬರು. ಬೆರಳಲ್ಲಿ ತಳ್ಳಿದೆ. ಎರಡು ಸಲ ಕೆಮ್ಮಿತು. ಆಮೇಲೆ ಚುಕು, ಚುಕು. ಸಾಹೇಬರು ವಾಚು ನೋಡಿಕೊಂಡು, "ನಾಲ್ಕು ಇಪ್ಪತ್ತು, ರೈಟ್" ಅಂದರು. ಹಾಗಾಗಿ ಮೇಲೆ ಬರೆದ ಸಮಯ ನನ್ನದಲ್ಲ, ಅವರದು.

ಅಡಿಕೆ ಸುಲಿಯಲು ಬಂದಿದ್ದ ಹೆಂಗಸರು ಮೆಟ್ಟುಗತ್ತಿ ಬಿಟ್ಟು ಎದ್ದು ಬಂದರು. ಒಬ್ಬಾಕೆ ಡಬ್ಬಿಗೆ ಐದು ಹಸಿ ಅಡಿಕೆ ಹಾಕಿದಳು. ಇಂಜಿನ್ನು ಎಳೆಯಿತು. ಇನ್ನೂ ಮೂರು ಹಾಕಿದಳು. ಚಕ್ರ ಒಮ್ಮೆ ಜಾರಿ ಮತ್ತೆ ಹಿಡಿಯಿತು. ಇಪ್ಪತ್ತು ನಿಮಿಷದಲ್ಲಿ 414 ಮೀಟರ್. 19ರಿಂದ ಗುಣಿಸಿದರೆ ಹತ್ತಿರ ಹತ್ತಿರ ಎಂಟು ಕಿಲೋಮೀಟರ್. ಗಂಟೆಗೆ ಇಪ್ಪತ್ತನಾಲ್ಕರ ವೇಗ. ಘಾಟಿನ ರೈಲಿಗೆ ಮೋಸವಿಲ್ಲ. ಒಂದೂವರೆ ವರ್ಷದಲ್ಲಿ ಮೊದಲ ಸಲ ನಾನು ಕೋಲು ಎಲ್ಲಿಟ್ಟೆ ಅಂತ ಮರೆತಿದ್ದೆ. ಅದು ಮಾರನೇ ದಿನ ತುಳಸಿಕಟ್ಟೆ ಹಿಂದೆ ಸಿಕ್ಕಿತು.

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ. ಮಳೆ ನೀರು ಇನ್ನು ಮೂರು ಬಾಟಲಿ ಇದೆ, ಭಾನುವಾರಗಳಂದು ಓಡಿಸುತ್ತೇನೆ. ಬರುವವರು ಹಿಂದಿನ ದಿನ ಒಂದು ಫೋನ್ ಮಾಡಿ. ಉರಿ ಹಚ್ಚುವ ಮೊದಲು ಚಹಾ ಆಗಬೇಕು ಅನ್ನುವುದು ಸಾಹೇಬರ ಆರ್ಡರ್.