ದಾರಿ, ಹೊತ್ತು, ಬಾಡಿಗೆ: ಈ ಅಕ್ಟೋಬರ್‌ನಿಂದ ಏನೇನು ಬದಲು

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮಳೆ ಹಿಂದೆ ಸರಿಯುತ್ತಿದ್ದಂತೆ ಬುಕಿಂಗ್ ಕೇಳಿ ಫೋನು ಬರುತ್ತಿವೆ. ‘ಈ ಸಲ ದಾರಿ, ಹೊತ್ತು, ಬಾಡಿಗೆ ಏನು?’ ಎಂದು ಎಲ್ಲರೂ ಕೇಳುವ ಪ್ರಶ್ನೆ ಒಂದೇ ಆಗಿರುವುದರಿಂದ ಉತ್ತರವನ್ನು ಬರೆದೇ ಕಳಿಸುತ್ತಿದ್ದೇವೆ.

ಅಕ್ಟೋಬರ್ ಎರಡನೇ ವಾರದಿಂದ ಗ್ರಾವೆಲ್ ಸವಾರಿ, ಅಂದರೆ ಜಲ್ಲಿ–ಮಣ್ಣಿನ ದಾರಿಗಳಲ್ಲಿ ನಮ್ಮ ಬಾಡಿಗೆ ಸೈಕಲ್ ಸವಾರಿ, ಮತ್ತೆ ಶುರು. ಬಿಸಿಲೆ ಘಾಟಿ ಇಳಿದು ಕುಕ್ಕೆಯಲ್ಲಿ ಮುಗಿಯುತ್ತಿದ್ದ ದಾರಿ ಇನ್ನು ಇರುವುದಿಲ್ಲ. ಹೊರಡುವ ಹೊತ್ತು ಐದೂವರೆಯಲ್ಲ, ಏಳು ಗಂಟೆ. ಒಂದು ತಂಡದಲ್ಲಿ ಹತ್ತರ ಬದಲು ಆರೇ ಜನ. ದಿನದ ಬಾಡಿಗೆ 1,200ರಿಂದ 1,500 ರೂಪಾಯಿಗೆ ಏರಿದೆ. ಕುಕ್ಕೆಯವರೆಗೆ ಇಳಿಯಬೇಕೆಂದೇ ಕಾದಿದ್ದವರಿಗೆ ಬೇಸರವಾಗುತ್ತದೆ, ಕ್ಷಮಿಸಿ. ಆದರೆ ‘ದುಡ್ಡು ಜಾಸ್ತಿ ಮಾಡಿ ದಾರಿ ಕಡಿಮೆ ಮಾಡಿದರು’ ಎಂಬ ಮಾತನ್ನು ಒಪ್ಪುವುದಕ್ಕೆ ನಮ್ಮಿಂದ ಆಗುವುದಿಲ್ಲ.

ಮೊದಲು ದಾರಿಯ ವಿಚಾರ. ಹೊಸ ಸುತ್ತು ಹೆತ್ತೂರಿನಿಂದ ಶುರುವಾಗುತ್ತದೆ. ತೋಟದ ರಸ್ತೆಗಳಲ್ಲಿ ವಣಗೂರು, ಅಲ್ಲಿಂದ ಬಿಸಿಲೆ ವ್ಯೂ ಪಾಯಿಂಟ್, ಮತ್ತೆ ಹೆತ್ತೂರು. ಒಟ್ಟು ಸುಮಾರು 45 ಕಿ.ಮೀ. ಎದುರಿಗೆ 1,712 ಮೀಟರ್ ಎತ್ತರದ ಕುಮಾರ ಪರ್ವತ ಕಾಣುವ ಜಾಗ ತಪ್ಪುವುದಿಲ್ಲ. ತಪ್ಪುವುದು ಅಲ್ಲಿಂದ ಕೆಳಗಿನ ಇಳಿಜಾರು ಮಾತ್ರ. ಮರಗಳು ಮೇಲೆ ಕೂಡಿಕೊಂಡಿರುವ ಆ ತಿರುವುಗಳಿಗೆ ಬಿಸಿಲು ಬೀಳುವುದೇ ಅಪರೂಪ. ಡಿಸೆಂಬರ್‌ನಲ್ಲೂ ಪಾಚಿ, ಅದರ ಮೇಲೆ ಒದ್ದೆ ತರಗೆಲೆ. ಬ್ರೇಕ್ ಹಿಡಿದೇ ಇಳಿದರೆ ಚಕ್ರದ 160 ಮಿ.ಮೀ. ಬ್ರೇಕ್ ಡಿಸ್ಕ್ ಕಾದು, ಅದನ್ನು ಒತ್ತುವ ರೆಸಿನ್ (ರಾಳದ) ಪ್ಯಾಡಿನ ಮೈ ಗಾಜಿನಂತೆ ನುಣುಪಾಗುತ್ತದೆ. ಸುಟ್ಟ ವಾಸನೆ ಬರುತ್ತದೆ, ಲಿವರ್ ಪೂರ್ತಿ ಒತ್ತಿದರೂ ಸೈಕಲ್ ನಿಲ್ಲುವುದಿಲ್ಲ. ಎದುರಿಗೆ ಕಾರೋ ಜೀಪೋ ಬಂದಾಗ ಅದು ಗೊತ್ತಾದರೆ ಏನು ಪ್ರಯೋಜನ? ಮೆಟಲ್ ಪ್ಯಾಡ್ ಹಾಕಿ ಎಂದು ಕೆಲವರು ಸಲಹೆ ಕೊಟ್ಟಿದ್ದೀರಿ. ಅದು ಬೇಗ ಸವೆಯುವುದಿಲ್ಲ, ನಿಜ. ಆದರೆ ಬಿಸಿಯನ್ನು ನೇರ ಪ್ಯಾಡು ಕೂತಿರುವ ಕ್ಯಾಲಿಪರ್‌ಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ದಾಟಿಸುತ್ತದೆ. ಇಷ್ಟು ಉದ್ದದ ಇಳಿಜಾರಿನಲ್ಲಿ, ಘಾಟಿ ಇಳಿದು ಅಭ್ಯಾಸವಿಲ್ಲದವರ ಕೈಗೆ ಅದನ್ನೂ ಕೊಡಲು ನಮಗೆ ಧೈರ್ಯವಿಲ್ಲ.

ಕಾಡಿನೊಳಗಿನ ಬೆಂಕಿರೇಖೆಯ (ಕಾಳ್ಗಿಚ್ಚು ಹಬ್ಬದಂತೆ ಸವರಿದ ಪಟ್ಟಿಯ) ಮೇಲೆ ಕರೆದೊಯ್ಯಿರಿ ಎನ್ನುವವರಿಗೆ: ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಆ ದಾರಿಯಲ್ಲಿ ನಾವು ಹೋಗುವುದಿಲ್ಲ, ಎಷ್ಟು ಕೊಟ್ಟರೂ.

ಹೊತ್ತು ಬದಲಾಗಿದ್ದು ಆನೆಗಳಿಂದ. ರಾತ್ರಿಯೆಲ್ಲ ತೋಟದಲ್ಲಿ ಮೇಯ್ದ ಗುಂಪು ಕಾಡಿಗೆ ಮರಳುವ ಹೊತ್ತು, ನೀವು ಕೇಳುವ ಆ ‘ಮಂಜಿನ ಬೆಳಗು’ ಎರಡೂ ಒಂದೇ. ಬೈಕಿನ ಸದ್ದು ಆನೆಗೆ ದೂರದಿಂದಲೇ ಕೇಳಿಸುತ್ತದೆ, ಸೈಕಲ್ಲಿನದು ಕೇಳಿಸುವುದಿಲ್ಲ. ತಿರುವಿನಲ್ಲಿ ಇಬ್ಬರೂ ಒಟ್ಟಿಗೆ ಬೆಚ್ಚಿಬೀಳುವುದೇ ದೊಡ್ಡ ಅಪಾಯ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಂದೇಶ ನೋಡಿ, ಆಯಾ ತೋಟದ ರೈಟರ್‌ಗೆ (ಲೆಕ್ಕ, ಉಸ್ತುವಾರಿ ನೋಡುವವರಿಗೆ) ಫೋನು ಮಾಡಿ ವಿಚಾರಿಸಿದ ಮೇಲೆಯೇ ಹೊರಡುವುದು. ಸಂಜೆ ನಾಲ್ಕೂವರೆಯೊಳಗೆ ಹೆತ್ತೂರು ಸೇರಬೇಕು. ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ, ತಿರುವಿನಲ್ಲಿ ಬೆಲ್ ಹೊಡೆಯಲೇಬೇಕು. ಆನೆ ಇದೆ ಎಂದು ಸವಾರಿ ರದ್ದಾದರೆ ಪೂರ್ತಿ ಹಣ ವಾಪಸ್.

ಈಗ, ಪ್ರತಿ ವಾರ ಕೇಳಿಸಿಕೊಳ್ಳುವ ಮಾತು. ‘ಪಕ್ಕದಲ್ಲಿ ಸ್ಕೂಟರ್ ಐನೂರಕ್ಕೆ ಸಿಗುತ್ತದೆ. ಪೆಟ್ರೋಲೂ ಕುಡಿಯದ ಸೈಕಲ್ಲಿಗೆ ಸಾವಿರದೈನೂರಾ?’

ಲೆಕ್ಕ ಬಿಚ್ಚಿಡುತ್ತೇವೆ. ಹಿಂದಿನ ಟೈರು 45 ಮಿ.ಮೀ. ಟ್ಯೂಬ್‌ಲೆಸ್, ಸುಮಾರು 4,500 ರೂಪಾಯಿ. ಈ ರಸ್ತೆಗಳಲ್ಲಿ 2,500 ಕಿ.ಮೀ. ಬಂದರೆ ಪುಣ್ಯ, ಮುಂದಿನದು ಅದರ ಎರಡರಷ್ಟು ಬರುತ್ತದೆ. ಟ್ರ್ಯಾಕ್ಟರ್ ಓಡಾಡಿ ಮೂಲೆ ಸವೆದ ಹಳೆಯ ಜಲ್ಲಿಯಿಂದ ತೊಂದರೆಯಿಲ್ಲ. ಡಾಂಬರಿಗೆ ಮುಂಚೆ ಹೊಸದಾಗಿ ಸುರಿದ 40 ಮಿ.ಮೀ. ಜಲ್ಲಿಯ ಅಂಚು ಟೈರಿನ ಪಕ್ಕವನ್ನೇ ಸೀಳುತ್ತದೆ. ಮಧ್ಯದಲ್ಲಿ ಮುಳ್ಳು ಚುಚ್ಚಿದ ತೂತನ್ನು ಟೈರಿನೊಳಗೆ ಹಾಕುವ ಸೀಲೆಂಟ್ ಎಂಬ ಅಂಟುದ್ರವ ಮುಚ್ಚುತ್ತದೆ, ಪಕ್ಕ ಸೀಳಿದರೆ ಟೈರೇ ಹೋಯಿತು. ತೋಟದ ನೆರಳಿನ ಮರ ಸವರಿದ ಮೇಲೆ ರಸ್ತೆಗೆ ಬೀಳುವ ಹಾಲುವಾಣದ ಮುಳ್ಳಿನ ಕೊಂಬೆಗಳಿಗಾಗಿಯೇ ಪ್ರತಿ ಟೈರಿಗೆ 90 ಮಿ.ಲೀ. ಸೀಲೆಂಟ್ ಹಾಕುತ್ತೇವೆ. ನಮ್ಮ ಬೇಸಿಗೆಗೆ ಅದು ಎರಡು ಮೂರು ತಿಂಗಳಲ್ಲಿ ಒಣಗಿ ಹಾಳೆಯಾಗುತ್ತದೆ, ಮತ್ತೆ 60 ಮಿ.ಲೀ. ಹಾಕಬೇಕು.

ಚೈನು 2,800 ರೂಪಾಯಿ. ಕೆಮ್ಮಣ್ಣಿನಲ್ಲಿ 1,800 ಕಿ.ಮೀ. ಹೊತ್ತಿಗೆ ಚೈನಿನ ಸವೆತ ಅಳೆಯುವ ಗೇಜ್ ಶೇ 0.5 ತೋರಿಸುತ್ತದೆ, ಆಗಲೇ ತೆಗೆಯುತ್ತೇವೆ. ಇನ್ನೂ ಓಡುತ್ತದಲ್ಲ ಎಂದು ಬಿಟ್ಟರೆ 5,000 ರೂಪಾಯಿಯ ಕ್ಯಾಸೆಟ್ಟಿನ (ಹಿಂದಿನ ಹಲ್ಲುಚಕ್ರಗಳ ಗೊಂಚಲಿನ) ಹಲ್ಲೂ ಅದರ ಜೊತೆ ಹೋಗುತ್ತದೆ. ಸಕಾಲಕ್ಕೆ ಬದಲಿಸಿದರೆ ಒಂದು ಕ್ಯಾಸೆಟ್ಟಿಗೆ ಮೂರು ಚೈನು. ಬ್ರೇಕ್ ಪ್ಯಾಡು ಎರಡೂ ಚಕ್ರಕ್ಕೆ ಸೇರಿ 2,000. ಕೆಸರಿನಲ್ಲಿರುವ ಹರಳು ಪ್ಯಾಡು–ಡಿಸ್ಕಿನ ನಡುವೆ ಸೇರಿ ಅರೆಯುತ್ತದೆ. ಬಿಸಿಲೆ ಇಳಿಯುತ್ತಿದ್ದಾಗ 300 ಕಿ.ಮೀ.ಗೇ ಮುಗಿಯುತ್ತಿತ್ತು, ಹೊಸ ಸುತ್ತಿನಲ್ಲಿ 600 ಬರುತ್ತದೆ ಎಂದು ಹಿಡಿದಿದ್ದೇವೆ. ಪ್ಯಾಡಿನ ದಪ್ಪ ಅರ್ಧ ಮಿಲಿಮೀಟರಿಗೆ ಬಂದರೆ ಆ ಸೈಕಲ್ ಶೆಡ್ಡಿನಿಂದ ಹೊರಬೀಳುವುದಿಲ್ಲ.

ಇಷ್ಟನ್ನೇ ಕೂಡಿಸಿದರೂ ಕಿಲೋಮೀಟರಿಗೆ ಒಂಬತ್ತು ರೂಪಾಯಿಯ ಹತ್ತಿರ, 45 ಕಿ.ಮೀ.ಗೆ 400. ತೊಳೆದು, ಒರೆಸಿ, ಗ್ರೀಸ್ ಹಾಕುವ ಕೂಲಿ ಬೇರೆ. ಹೆತ್ತೂರಿಗೆ ಸೈಕಲ್ ಹೊತ್ತೊಯ್ಯುವ ಪಿಕಪ್, ಹಿಂದೆ ಬರುವ ಮೆಕ್ಯಾನಿಕ್ ಬೇರೆ. ತಂಡದಲ್ಲಿ ಆರೇ ಜನವಾದರೂ ಪಿಕಪ್ ಚಾಲಕ, ಮೆಕ್ಯಾನಿಕ್ ಇಬ್ಬರ ಸಂಬಳ ಇಳಿಯುವುದಿಲ್ಲ. ಸ್ಕೂಟರಿನ ಬ್ರೇಕ್ ಶೂ ಊರಿನ ಯಾವ ಅಂಗಡಿಯಲ್ಲೂ ಸಿಗುತ್ತದೆ, ವರ್ಷಗಟ್ಟಲೆ ಬರುತ್ತದೆ, ಸ್ಕೂಟರು ವಾರವಿಡೀ ಓಡುತ್ತದೆ. ನಮ್ಮ ಸಾಮಾನು ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬರಬೇಕು. ಸೈಕಲ್ ಹೊರಬೀಳುವುದು ವಾರಾಂತ್ಯಕ್ಕೆ, ಅದೂ ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು. ಇದನ್ನು ಲಾಭಕೋರತನ ಎಂದರೆ ನೋವಾಗುತ್ತದೆ.

‘ಜಿಎಸ್‌ಟಿ ಇಳಿಯಿತಲ್ಲ’ ಎಂಬ ಮಾತೂ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ ಇಳಿದದ್ದು ನಿಜ. ಆದರೆ ನಮ್ಮ ಸೈಕಲ್‌ಗಳೆಲ್ಲ ಅದಕ್ಕೂ ಮುಂಚಿನವು. ಮೇಲಿನ ಬೆಲೆಗಳು ಇಳಿಕೆಯ ನಂತರದವೇ.

ಹೆಚ್ಚಿನ ಹಣಕ್ಕೆ ಹೊಸದೇನು ಎಂದರೆ, ಪೆಡಲಿನ ಬಳಿಯ 40 ಹಲ್ಲಿನ ಚಕ್ರ ತೆಗೆದು 38ರದು ಹಾಕಿದ್ದೇವೆ. ಹಿಂದಿನ ದೊಡ್ಡ ಹಲ್ಲುಚಕ್ರ 42ರದು ಇರುವುದರಿಂದ ವಣಗೂರಿನ ಏರಿನಲ್ಲಿ ಇಳಿದು ತಳ್ಳುವವರು ಕಡಿಮೆಯಾಗುತ್ತಾರೆ. ನಮ್ಮ ಸೈಕಲ್ ಎಷ್ಟು ಚೊಕ್ಕವಾಗಿರುತ್ತದೆ ಎಂಬುದನ್ನು ಹಳೆಯ ಗ್ರಾಹಕರಿಗೆ ಹೇಳಬೇಕಿಲ್ಲ.

ನಿಮ್ಮಿಂದ ಕೇಳಿಕೊಳ್ಳುವುದು ಕೆಲವೇ. ಗಾಳಿ ನೀವೇ ತುಂಬಬೇಡಿ. 70 ಕೆ.ಜಿ. ತೂಕದವರಿಗೆ ಮುಂದೆ 28, ಹಿಂದೆ 31 ಪಿಎಸ್ಐ ಸಾಕು. ಗಟ್ಟಿಯಿರಲಿ ಎಂದು 50 ತುಂಬಿದರೆ ಒದ್ದೆ ಕಲ್ಲಿನ ಮೇಲೆ ಟೈರು ಪುಟಿದು ಜಾರುತ್ತದೆ. ಕೆಸರಾಯಿತೆಂದು ದಾರಿಯಲ್ಲಿ ವಾಟರ್ ಸರ್ವಿಸ್ ಮಾಡಿಸಬೇಡಿ, ಆ ರಭಸಕ್ಕೆ ಚಕ್ರದ ನಡುವಿನ ಬೇರಿಂಗ್‌ಗೆ ನೀರು ಹೋಗುತ್ತದೆ. ಕೆಸರಿನಲ್ಲೇ ತನ್ನಿ, ಒಂದು ಮಾತೂ ಆಡುವುದಿಲ್ಲ. ಸೈಕಲ್ ಮಲಗಿಸುವಾಗ ಚೈನಿನ ಬದಿ ಮೇಲಿರಲಿ, ಇಲ್ಲದಿದ್ದರೆ ಹಿಂದಿನ ಗೇರು ನೇತಾಡುವ ಹ್ಯಾಂಗರ್ ಬಾಗಿ ಗೇರು ತಪ್ಪುತ್ತದೆ. ತೋಟದ ದಾರಿಯ ಜಿಪಿಎಸ್ ಟ್ರ್ಯಾಕ್ ಯಾರಿಗೂ ಕಳಿಸಬೇಡಿ. ತೋಟದ ಮಾಲೀಕರು ಒಳಗೆ ಬಿಟ್ಟಿರುವುದು ನಮ್ಮ ಮೇಲಿನ ನಂಬಿಕೆಯಿಂದ. ಕಾಫಿ ಕೊಯ್ಲು ಶುರುವಾದ ಮೇಲೆ ಮೂಟೆ ಹೇರುವಲ್ಲಿ ಇಳಿದು ನಡೆಯಿರಿ.

ಹಳೆಯ ದರದಲ್ಲಿ ಮುಂಗಡ ಕೊಟ್ಟವರಿಗೆ ಹಳೆಯ ದರವೇ. ಬಿಸಿಲೆ ಇಳಿಯುವುದಕ್ಕೆಂದೇ ಬುಕ್ ಮಾಡಿದ್ದವರು ಫೋನು ಮಾಡಿದರೆ ಅದೇ ದಿನ ಹಣ ಹಿಂದಿರುಗಿಸುತ್ತೇವೆ, ಕಾರಣ ಕೇಳುವುದಿಲ್ಲ. ಮತ್ತೆ ಬರುವವರ ಸೀಟಿನ ಎತ್ತರ, ಟೈರಿನ ಗಾಳಿ ನಮ್ಮ ಪುಸ್ತಕದಲ್ಲಿ ಹೆಸರಿನ ಮುಂದೆಯೇ ಇದೆ. ಬರುವ ಹೊತ್ತಿಗೆ ಹೊಂದಿಸಿಟ್ಟಿರುತ್ತೇವೆ. ತೂಕ ಹೆಚ್ಚು ಕಡಿಮೆಯಾಗಿದ್ದರೆ ಮಾತ್ರ ಬುಕ್ ಮಾಡುವಾಗಲೇ ಹೇಳಿ.

ಇಂತಿ,
ಶೆಡ್ಡಿನ ಎಲ್ಲರ ಪರವಾಗಿ,
ಸಕಲೇಶಪುರ