ಬ್ರಿಟನ್ನಿನ ವೀಸಾ ಕಡಿತ: ನಮ್ಮ ಸಂಸದರು ಮಾತನಾಡಲಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿನಲ್ಲಿ ಪದವಿ ಅಥವಾ ಸ್ನಾತಕೋತ್ತರ ಪದವಿ ಮುಗಿಸಿದ ವಿದೇಶಿ ವಿದ್ಯಾರ್ಥಿಗಳಿಗೆ ಅಲ್ಲೇ ಉಳಿದು ದುಡಿಯಲು ಕೊಡುತ್ತಿದ್ದ ಎರಡು ವರ್ಷಗಳ ‘ಗ್ರಾಜುಯೇಟ್’ ವೀಸಾ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯಲಿದೆ. ತನ್ನ ನೆಲದಲ್ಲಿ ಯಾರು ಎಷ್ಟು ಕಾಲ ಇರಬಹುದೆಂದು ತೀರ್ಮಾನಿಸುವ ಹಕ್ಕು ಆ ದೇಶಕ್ಕಿದೆ. ಆದರೆ ಹಳೆಯ ನಿಯಮವನ್ನು ನಂಬಿ, ಶುಲ್ಕ ಕಟ್ಟಿ, ಈಗಾಗಲೇ ಓದುತ್ತಿರುವವರಿಗೂ ಈ ಕಡಿತ ತಟ್ಟುತ್ತಿರುವುದು ಅನ್ಯಾಯ.

ಇಲ್ಲಿ ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನ; ಕೋರ್ಸಿಗೆ ಸೇರಿದ ದಿನವಲ್ಲ. ಕೋರ್ಸ್ ಯಶಸ್ವಿಯಾಗಿ ಮುಗಿದಿದೆಯೆಂದು ವಿಶ್ವವಿದ್ಯಾಲಯವು ಅಲ್ಲಿನ ಗೃಹ ಇಲಾಖೆಗೆ ತಿಳಿಸುವ ತನಕ ಅರ್ಜಿ ಹಾಕುವಂತೆಯೂ ಇಲ್ಲ. ಹೀಗಾಗಿ 2024ರ ಸೆಪ್ಟೆಂಬರಿನಲ್ಲಿ ಮೂರು ವರ್ಷದ ಪದವಿಗೆ ಸೇರಿದವರು, ಒಂದು ದಿನವೂ ತಡಮಾಡದೆ ಓದು ಮುಗಿಸಿದರೂ, ಆರು ತಿಂಗಳು ಕಳೆದುಕೊಳ್ಳುತ್ತಾರೆ.

ಆರು ತಿಂಗಳು ತಾನೇ ಎನ್ನುವವರು ಸಾಲದ ಕಾಗದಪತ್ರ ನೋಡಬೇಕು. ಏಳೂವರೆ ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಭದ್ರತೆ ಕೇಳುತ್ತವೆ. ಮನೆಯನ್ನೋ ಸೈಟನ್ನೋ ಅಡವಿಟ್ಟ ತಂದೆತಾಯಿಗೆ ಕಂತು ಶುರುವಾಗುವುದು ಕೋರ್ಸ್ ಮುಗಿದು ವರ್ಷ ತುಂಬುವ ಹೊತ್ತಿಗೆ. ಅತ್ತ ಮಕ್ಕಳು ಕೆಲಸ ಹುಡುಕಿ, ಪ್ರೊಬೇಷನ್ ಮುಗಿಸಿ, ಆಮೇಲೂ ಉಳಿಯಬೇಕೆಂದರೆ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸ್ಪಾನ್ಸರ್ ಆಗುವಂತೆ ಕಂಪನಿಯನ್ನು ಒಪ್ಪಿಸಬೇಕು. ಅದಕ್ಕೆ ಬೇಕಾದ ಸಾಮಾನ್ಯ ವೇತನ ಮಿತಿಯನ್ನು 2025ರ ಜುಲೈನಲ್ಲಿ ವರ್ಷಕ್ಕೆ 41,700 ಪೌಂಡಿಗೆ ಏರಿಸಲಾಗಿದೆ. ಹೊಸಬರಿಗೆ ತುಸು ರಿಯಾಯಿತಿ ಇದೆ, ಅಷ್ಟೆ.

ಈ ತಪ್ಪನ್ನು ಬ್ರಿಟನ್ ಹಿಂದೊಮ್ಮೆ ಮಾಡಿ ತಿದ್ದಿಕೊಂಡಿದೆ. 2012ರಲ್ಲಿ ಇಂಥದ್ದೇ ವೀಸಾವನ್ನು ರದ್ದುಮಾಡಿದ ಬಳಿಕ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕೂ ಕೆಳಗಿಳಿಯಿತು. 2019ರಲ್ಲಿ ಕನ್ಸರ್ವೇಟಿವ್ ಪಕ್ಷದ ಜೋ ಜಾನ್ಸನ್ ಮತ್ತು ಲೇಬರ್ ಪಕ್ಷದ ಪಾಲ್ ಬ್ಲೂಮ್‌ಫೀಲ್ಡ್ ಕೂಡಿ ವಲಸೆ ಮಸೂದೆಗೆ ತಿದ್ದುಪಡಿ ಸೂಚಿಸಿದರು. ಅದೇ ವರ್ಷ ಸರ್ಕಾರ ಮಣಿಯಿತು, 2021ರ ಜುಲೈನಲ್ಲಿ ಈಗಿನ ವೀಸಾ ಜಾರಿಗೆ ಬಂತು. ಶಾಸನಸಭೆಯೊಳಗಿನ ಒತ್ತಡಕ್ಕೆ ಬೆಲೆಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮವರ ಮೌನವೇ ನನಗೆ ಅರ್ಥವಾಗದ್ದು. 2025ರ ಜುಲೈ 24ರಂದು ಸಹಿ ಬಿದ್ದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದಲ್ಲಿ ಯೋಗ ಶಿಕ್ಷಕರು, ಬಾಣಸಿಗರು, ಸಂಗೀತಗಾರರಿಗೆ ಅವಕಾಶವಾಯಿತು, ಸಂತೋಷ. ವಿದ್ಯಾರ್ಥಿಗಳ ಈ ಆರು ತಿಂಗಳಿಗೆ ಅಲ್ಲಿ ಜಾಗ ಸಿಗಲಿಲ್ಲ. ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು ಯುಜಿಸಿ ಸಮ್ಮತಿಸಿರುವಾಗ, ಕೇಳುವ ದನಿ ನಮಗೂ ಇರಬೇಕಲ್ಲವೇ? ಕರ್ನಾಟಕದ 28 ಲೋಕಸಭಾ ಸದಸ್ಯರು ಮತ್ತು 12 ರಾಜ್ಯಸಭಾ ಸದಸ್ಯರು ಪಕ್ಷಭೇದ ಬಿಟ್ಟು, 2027ಕ್ಕೆ ಮೊದಲು ಕೋರ್ಸಿಗೆ ಸೇರಿದವರಿಗೆಲ್ಲ ಎರಡು ವರ್ಷ ಉಳಿಸಿಕೊಡುವಂತೆ ಬ್ರಿಟನ್ನನ್ನು ಕೇಳಲು ವಿದೇಶಾಂಗ ಸಚಿವಾಲಯದ ಮೇಲೆ ಒತ್ತಡ ಹೇರಬೇಕು.

ಅಲ್ಲಿರುವ ಕನ್ನಡದ ಮಕ್ಕಳೂ ಕೈಕಟ್ಟಿ ಕೂರಬೇಕಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾದ ಮೇಲೆ ಅಲ್ಲಿ ವಾಸಿಸುವ ನಮ್ಮ ವಿದ್ಯಾರ್ಥಿಗಳು ಮತದಾರರ ಪಟ್ಟಿಗೆ ಹೆಸರು ಸೇರಿಸಿ ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಮತದಾರರಾಗಿಯೇ ಸ್ಥಳೀಯ ಸಂಸದರಿಗೆ ಪತ್ರ ಬರೆಯಲಿ. ಪೋಸ್ಟ್‌ಕೋಡ್ ಸಹಿತ ವಿಳಾಸ ಹಾಕಲು ಮರೆಯದಿರಲಿ. ಹೊರಕ್ಷೇತ್ರದವರ ಪತ್ರಗಳನ್ನು ಅಲ್ಲಿನ ಸಂಸದರು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ.

– ನಿವೃತ್ತ ಪ್ರಾಧ್ಯಾಪಕ, ಮೈಸೂರು