ಮೂಲೆಯಲ್ಲಿ ನಿಂತ ಬೂದುಬಣ್ಣದ ಮರಿ

ಶ್ರೀನಿವಾಸಪುರ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ನಿನ್ನೆ ಮಧ್ಯಾಹ್ನ ಕೈಸೇರಿತು. ಮನೆಯ ಸಂಗತಿಗಳನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ; ಅವನ್ನು ಮತ್ತೆ ಬರೆಯುವುದಿಲ್ಲ. ಪತ್ರದ ಕೊನೆಯಲ್ಲಿ, ಸಹಿಗೂ ಕೆಳಗೆ, ನೀನು ಸೇರಿಸಿದ ಎರಡು ಸಾಲುಗಳು ರಾತ್ರಿಯೆಲ್ಲ ನನ್ನನ್ನು ಮಲಗಗೊಡಲಿಲ್ಲ. ಹೊಸದಾಗಿ ತಂದ ಐದು ಕೋಳಿಮರಿಗಳಲ್ಲಿ ಬೂದುಬಣ್ಣದ್ದೊಂದು ಗೂಡಿನ ಮೂಲೆಗೆ ಮುಖ ಹಾಕಿ ನಿಂತೇ ಇದೆಯೆಂದೂ, ಹಳೆಯ ಕೆಂಪು ಹೇಂಟೆ ಸುಳಿದರೆ ತಲೆಯನ್ನು ಗೋಡೆಗೆ ಒತ್ತಿಕೊಳ್ಳುತ್ತದೆಯೆಂದೂ ಬರೆದು, "ಸಾಯಿಸುವುದಕ್ಕೇ ಇದನ್ನು ತಂದೆನೇ, ದೊಡ್ಡಮ್ಮ?" ಎಂದು ಕೇಳಿದ್ದೀಯ.

ಕೆಂಪು ಹೇಂಟೆಯ ಮೇಲೆ ಕೋಪ ಮಾಡಿಕೊಳ್ಳಬೇಡ. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ದಿನಗಳಲ್ಲಿ, ನಾರ್ವೆ ದೇಶದ ಷೆಲ್ಡರಪ್-ಎಬ್ಬೆ ಎಂಬ ವಿದ್ವಾಂಸರ ವಿಷಯ ಓದಿದ್ದೆ. ಅವರು ಬಾಲಕನಾಗಿದ್ದಾಗಿನಿಂದಲೇ ಕೋಳಿಗಳನ್ನು ಗಮನಿಸುತ್ತಾ ಬಂದು, ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ, ಯಾವುದು ಯಾವುದಕ್ಕೆ ದಾರಿ ಬಿಡುತ್ತದೆ ಎಂಬುದನ್ನು ಬರೆದಿಟ್ಟುಕೊಂಡು, 1922ರಲ್ಲಿ ಅದನ್ನು ಪ್ರಕಟಿಸಿದರು. ಪ್ರತಿ ಹಿಂಡಿನಲ್ಲಿಯೂ ಇಂಥದ್ದೊಂದು ಸಾಲು ಇರುತ್ತದೆ. ಹೊಸ ಕೋಳಿ ಬಂದೊಡನೆ ಆ ಸಾಲು ಕದಡುತ್ತದೆ. ತನ್ನ ಜಾಗ ಹೋದೀತೆಂದು ಹಳೆಯದು ಕುಕ್ಕುತ್ತದೆ. ಒಮ್ಮೆ ಸಾಲು ಗಟ್ಟಿಯಾದ ಮೇಲೆ ಕತ್ತು ನಿಗುರಿಸಿ ನೋಡಿದರೇ ಸಾಕು, ಚಿಕ್ಕದು ತಾನಾಗಿ ಸರಿದುಕೊಳ್ಳುತ್ತದೆ. ಆದ್ದರಿಂದ ಓಡಿಸುವುದನ್ನೂ, ರೆಕ್ಕೆಯ ಮೇಲೊಂದು ಬೆನ್ನಿನ ಮೇಲೊಂದು ಕುಕ್ಕುವುದನ್ನೂ ನೋಡಿ ನೀನು ಹೆದರಬೇಕಾಗಿಲ್ಲ. ನನಗಿರುವ ಹೆದರಿಕೆ ಬೇರೆ. ಅದು ಮೂಲೆಯಲ್ಲಿ ನಿಂತೇ ಇದೆ ಎಂದಿದ್ದೀಯಲ್ಲ, ಅದರದು.

1986ರಲ್ಲಿ, ನಿಮ್ಮ ಚಿಂತಾಮಣಿಯೂ ಕೋಲಾರ ಜಿಲ್ಲೆಗೇ ಸೇರಿದ್ದ ಕಾಲದಲ್ಲಿ, ನಾನು ಸಂತೆಯಿಂದ ಆರು ಎಳೆಯ ಹೇಂಟೆಗಳನ್ನು ತಂದು ಅದೇ ಸಂಜೆ ನಮ್ಮ ಹಳೆಯ ಕೋಳಿಗಳ ಗೂಡಿಗೆ ಬಿಟ್ಟೆ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ, ಬೆಳಗಾಗುವಷ್ಟರಲ್ಲಿ ಹೊಂದಿಕೊಂಡಿರುತ್ತವೆ ಎಂದು ಯಾರೋ ಹೇಳಿದ್ದರು. ಕಣ್ಣು ಕಾಣುವುದಿಲ್ಲವೆಂಬುದು ನಿಜ, ಆದರೆ ಬೆಳಗಾದ ಮೇಲೆ ಕಾಣುತ್ತದೆ. ನಸುಕಿನಲ್ಲಿ ಗೂಡಿನೊಳಗಿನ ಗಲಾಟೆ ನನಗೆ ಕೇಳಿಸಿತು. ಬಸ್ಸಿಗೆ ಹೊತ್ತಾಗಿತ್ತು; ತಾವೇ ಸರಿಹೋಗುತ್ತವೆ ಎಂದುಕೊಂಡು ಹೊರಟುಹೋದೆ. ಮೂರು ದಿನವೂ ಹಾಗೆಯೇ ಮಾಡಿದೆ. ಆರರಲ್ಲಿ ಒಂದು ಮೂಲೆ ಹಿಡಿದು ನಿಂತಿತ್ತು, ನಿನ್ನ ಬೂದುಮರಿಯ ಹಾಗೆಯೇ. ಪಾಪ, ಸಾಧು ಕೋಳಿ ಎಂದು ನಾನು ಅಂದುಕೊಂಡೆ. ನಾಲ್ಕನೆಯ ಸಂಜೆ ಅದು ಸತ್ತಿತ್ತು. ಎತ್ತಿ ನೋಡಿದರೆ ಮೈಮೇಲೆ ಹೇಳಿಕೊಳ್ಳುವಂಥ ಗಾಯ ಒಂದೂ ಇರಲಿಲ್ಲ. ನನ್ನ ಅಮ್ಮ ಅದರ ಎದೆಯ ಮೇಲೆ ಬೆರಳಿಟ್ಟು, ಕಾಳಿನ ಚೀಲ ಬರಿದಾಗಿದೆ, ಇದು ನೀರೂ ಕುಡಿದಿಲ್ಲ, ಎಂದಷ್ಟೇ ಹೇಳಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮೇವಿನ ಬಟ್ಟಲು, ನೀರಿನ ಬಟ್ಟಲು ಎರಡೂ ತುಂಬಿದ್ದವು, ಮಗಳೇ; ಅವುಗಳ ಮುಂದೆ ಹಳೆಯ ಕೋಳಿಗಳು ನಿಂತಿದ್ದವು.

ಆದ್ದರಿಂದ ಈ ಪತ್ರ ತಲಪಿದ ಸಂಜೆಯೇ, ಕೋಳಿಗಳು ಒಳಗೆ ಸೇರಿದ ಮೇಲೆ, ಆ ಮರಿಯನ್ನು ಮೆಲ್ಲಗೆ ಎತ್ತಿಕೊಂಡು ಕುತ್ತಿಗೆಯ ಬುಡದಲ್ಲಿ, ಎದೆಯ ಬಲಭಾಗದಲ್ಲಿ ಮುಟ್ಟಿ ನೋಡು. ದಿನವಿಡೀ ತಿಂದ ಕೋಳಿಗೆ ಅಲ್ಲಿ ಕಾಳು ತುಂಬಿದ ಚೀಲ ಉಬ್ಬಿಕೊಂಡಿರುತ್ತದೆ. ಅದು ಚಪ್ಪಟೆಯಾಗಿದ್ದರೆ ಇನ್ನೊಂದು ರಾತ್ರಿ ಕಾಯಬೇಡ. ಬೇರೆ ಬಟ್ಟಲಿನಲ್ಲಿ ನೀರನ್ನೂ ನೆನೆಸಿದ ನುಚ್ಚನ್ನೂ ಅದರ ಮುಂದೆಯೇ ಇಡು. ಗೂಡಿನಲ್ಲಿಯೂ ಮೇವು, ನೀರುಗಳನ್ನು ಎರಡು ಮೂರು ಕಡೆ, ಒಂದರಿಂದ ಒಂದು ಕಾಣದಂತೆ ಇಡಬೇಕು. ಒಂದೇ ಹೇಂಟೆ ಎಲ್ಲವನ್ನೂ ಕಾಯಲಾರದು.

ನನ್ನ ಅಮ್ಮ ಹೊಸ ಕೋಳಿಗಳನ್ನು ಎಂದೂ ನೇರವಾಗಿ ಬಿಟ್ಟವಳಲ್ಲ. ಅಂಗಳದಲ್ಲಿ ಮಾವಿನ ಮರದ ಕೆಳಗೆ ಬಿದಿರಿನ ಪಂಜರ ಕವುಚಿ, ಹೊಸವನ್ನು ಅದರೊಳಗೆ ಹಾಕಿ, ಹಳೆಯವಕ್ಕೆ ಸುತ್ತಲೂ ರಾಗಿ ಚೆಲ್ಲುತ್ತಿದ್ದಳು. ಒಳಗಿನವು ಹೊರಗಿನವನ್ನು ನೋಡುತ್ತಾ, ಹೊರಗಿನವು ಒಳಗಿನವನ್ನು ನೋಡುತ್ತಾ ಹತ್ತು ಹದಿನೈದು ದಿನ ಕಳೆಯುತ್ತಿದ್ದವು. ಕೊಕ್ಕು ಮಾತ್ರ ತಾಗುತ್ತಿರಲಿಲ್ಲ. ಬಿ.ಎಡ್. ಮುಗಿಸಿ ಬಂದಿದ್ದ ನನಗೆ ಅದು ಹಳ್ಳಿಯ ರೂಢಿಯಾಗಿ ಕಂಡಿತ್ತು. ಈಗ ತಿಳಿದವರೆಲ್ಲ ಅದನ್ನೇ, ತಂತಿಯ ಜಾಲರಿ ಕಟ್ಟಿ ಮಾಡಿ ಎಂದು ಹೇಳುತ್ತಾರೆ. ಅವಳು ಇದ್ದಾಗಲೇ ಕೇಳಿ ಕಲಿಯಲಿಲ್ಲವಲ್ಲ ಎಂಬ ನೋವು ನನ್ನನ್ನು ಇನ್ನೂ ಬಿಟ್ಟಿಲ್ಲ.

ನಿನ್ನ ಮರಿಗಳಿಗೆ ಹತ್ತು ವಾರವೆಂದಿದ್ದೀಯ. ಹಳೆಯವುಗಳ ಗಾತ್ರಕ್ಕೆ ಹತ್ತಿರವಾಗುವವರೆಗೆ, ಇನ್ನೂ ಕೆಲವು ವಾರ, ಜಾಲರಿಯ ಆಚೆಗೇ ಇದ್ದರೆ ಒಳ್ಳೆಯದು. ಬಿಟ್ಟಾಗಿದೆ, ಈಗ ಹೇಳಿ ಏನು ಪ್ರಯೋಜನ ಎಂದು ನಿನಗೆ ಅನಿಸಬಹುದು. ಹಿಂದಕ್ಕೆ ತೆಗೆದರೂ ತಪ್ಪೇನಿಲ್ಲ. ಬೂದುಮರಿಯೊಂದನ್ನೇ ಒಂಟಿಯಾಗಿ ಬೇರೆ ಕೋಣೆಯಲ್ಲಿ ಇಡಬೇಡ. ಮರಳಿ ಬಂದಾಗ ಅದು ಮತ್ತೆ ಹೊಸದೇ ಆಗುತ್ತದೆ. ಜೊತೆಗೊಂದು ಮರಿಯನ್ನು ಕೊಟ್ಟು, ಉಳಿದವಕ್ಕೆ ಕಾಣುವಂತೆ ಇಡು.

ರಕ್ತ ಕಂಡರೆ ಮಾತ್ರ ಆ ಕ್ಷಣವೇ ಬೇರೆ ಮಾಡು. ಕೆಂಪು ಕಂಡ ಕಡೆಗೇ ಎಲ್ಲ ಕೊಕ್ಕುಗಳೂ ಹೋಗುತ್ತವೆ, ಆಗ ಸಾಧುವಾದ ಹೇಂಟೆಯೂ ನಿಲ್ಲುವುದಿಲ್ಲ. ಗಾಯ ತೊಳೆದು ಬೇವಿನೆಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿ, ಪೂರ್ತಿ ಒಣಗಿದ ಮೇಲೆಯೇ ಸೇರಿಸು.

ಮೇವಿನ ವಿಷಯ ಕೇಳಿರಲಿಲ್ಲ, ಆದರೂ ಬರೆಯುತ್ತೇನೆ, ಬೇಸರಿಸಬೇಡ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ನೂರಕ್ಕೆ 3.5ರಿಂದ 4ರಷ್ಟಿರುತ್ತದೆ, ಬೆಳೆಯುವ ಮರಿಗೆ ಸುಮಾರು 1 ಸಾಕು, ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ. ಎಲ್ಲಕ್ಕೂ ಬೆಳೆಯುವ ಮರಿಗಳ ಮೇವನ್ನೇ ಹಾಕಿ, ಹಳೆಯವಕ್ಕೆ ಚಿಪ್ಪಿನ ಪುಡಿಯನ್ನು ಬೇರೆಯಾಗಿ ಇಟ್ಟರೆ ಆಯಿತು. ಹೊರಗಿನಿಂದ ತಂದವನ್ನು ಮೂರು ನಾಲ್ಕು ವಾರ ದೂರವಿಡಬೇಕೆಂಬುದು ಕೊಕ್ಕರೆ ರೋಗ, ಅಂದರೆ ಕೋಳಿಯಿಂದ ಕೋಳಿಗೆ ಹರಡುವ ರಾಣಿಖೇತ್ ರೋಗದ ಭಯದಿಂದ. ಅದರ ಲಸಿಕೆ ಆಗಿದೆಯೇ ಎಂದು ಮರಿ ಕೊಟ್ಟವರನ್ನು ಕೇಳು. ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರ ನಿನಗೆ ಹತ್ತಿರವೇ ಇದೆ; ಅಲ್ಲಿಯವರು ನನಗಿಂತ ಚೆನ್ನಾಗಿ ಹೇಳಿಯಾರು.

ಮಂಕಾಗಿ ನಿಲ್ಲುವುದು ಕಾಯಿಲೆಯ ಲಕ್ಷಣವೂ ಹೌದು. ಕಣ್ಣು ಮುಚ್ಚಿ ತೂಕಡಿಸುತ್ತಿದ್ದರೆ, ಹಿಕ್ಕೆಯಲ್ಲಿ ರಕ್ತವಿದ್ದರೆ, ಕೆಂಪು ಹೇಂಟೆಯನ್ನು ದೂರುತ್ತಾ ಕೂರದೆ ಮರಿಯನ್ನು ಪಶು ಆಸ್ಪತ್ರೆಗೆ ಒಯ್ಯಿ. ಬೇರೆಯವರ ಹತ್ತಿರವಾದರೆ ಹಳೆಯ ಕಥೆ ಹೇಳಿ ಸುಮ್ಮನಾಗುತ್ತಿದ್ದೆ. ನಿನ್ನ ಎರಡು ಸಾಲು ಓದಿದ ಮೇಲೆ ಆ ಬರಿದಾದ ಚೀಲ ನನ್ನ ಬೆರಳ ತುದಿಗೆ ಮತ್ತೆ ಬಂದು ನಿಂತಿತು, ಅದಕ್ಕೇ ಇಷ್ಟು ಉದ್ದ ಬರೆದೆ. ಪತ್ರ ತಲಪಿದ ಮಾರನೆಯ ನಸುಕಿನಲ್ಲಿ, ಬೆಳಕು ಹರಿಯುವ ಮುಂಚೆಯೇ ಗೂಡಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ಕುಳಿತಿರು. ಕೆಲಸ ಕಾದರೆ ಕಾಯಲಿ. ಮರಿ ನೀರು ಕುಡಿದುದನ್ನು ಕಣ್ಣಾರೆ ಕಂಡ ಮೇಲೆ ನನಗೊಂದು ಫೋನು ಮಾಡು. ಎಷ್ಟು ಹೊತ್ತಾದರೂ ನಾನು ಎದ್ದಿರುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ